ಹಬ್ಬದ ಇರುಳು, ಮರುದಿನದ ಬೆಳಗು

ಆಶ್ವಯುಜ, ಕಾರ್ತಿಕ ಮಾಸಗಳು ನಮ್ಮ ನಾಡಿನಲ್ಲಿ ಕೂಟಗಳ ಕಾಲ. ನವರಾತ್ರಿಯ ಗೊಂಬೆ ಆರತಿ, ದಸರೆಯ ದೀಪಾಲಂಕಾರ, ದೀಪಾವಳಿಗೆ ಬರುವ ನೆಂಟರಿಷ್ಟರು, ಕಾಲೇಜಿನ ರಾಜ್ಯೋತ್ಸವ: ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ. ರಜೆ ಕಳೆದು ತರಗತಿಗಳು ತೆರೆದ ವಾರ, ಬೆಳಗಿನ ಪಾಠದಲ್ಲಿ ಅರ್ಧ ಮುಚ್ಚಿದ ಕಣ್ಣುಗಳನ್ನು ಅಧ್ಯಾಪಕರಾದ ನಾವು ವರ್ಷ ವರ್ಷವೂ ಕಾಣುತ್ತೇವೆ. ಹಬ್ಬ ಬಿಟ್ಟು ಓದಿರೆಂದು ಕೆಲವು ಹಿರಿಯರು ಗದರಿಸುವುದುಂಟು. ಈ ಉಪದೇಶ ನಮಗೆ ಒಪ್ಪಿಗೆಯಾಗದು. ಬಂಧುಮಿತ್ರರೊಡನೆ ಬೆರೆಯುವುದೂ ಬಾಳಿಗೆ ಅವಶ್ಯವೇ. ಕೆಡುಕು ಹುಟ್ಟುವುದು ಹೆಚ್ಚಾಗಿ ಮರುದಿನ ನಾವು ಏಳುವ ವೇಳೆಯಿಂದ.

ಕಣ್ಣುಗಳಿಂದ ಬರುವ ನರಗಳು ಮೆದುಳಿನಲ್ಲಿ ಒಂದನ್ನೊಂದು ಹಾಯುವ ಸ್ಥಳದ ಮೇಲೆ, ಸುಮಾರು 20 ಸಾವಿರ ನರಕೋಶಗಳ ಒಂದು ಸಣ್ಣ ಜೋಡಿಯುಂಟು. ನಿದ್ರೆ, ಎಚ್ಚರ, ದೇಹದ ಉಷ್ಣತೆ ಇವುಗಳ ದೈನಂದಿನ ಏರಿಳಿತವನ್ನು ನಡೆಸುವ ಗಡಿಯಾರವೇ ಅದು. ಹಾರ್ವರ್ಡಿನ ಸಂಶೋಧಕರು 1999ರಲ್ಲಿ ಪ್ರಕಟಿಸಿದ ಅಳತೆಯಂತೆ ಅದರ ಒಂದು ಸುತ್ತಿಗೆ ಸರಾಸರಿ 24 ಗಂಟೆ 11 ನಿಮಿಷ ಬೇಕು. ಹೀಗಾಗಿ, ಸರಿಪಡಿಸದೆ ಬಿಟ್ಟರೆ ಅದು ದಿನದಿನವೂ ಹಿಂದೆ ಬೀಳುತ್ತದೆ. ಬೆಳಗಿನ ಬೆಳಕು ಅದರ ಮುಳ್ಳನ್ನು ಮುಂದಕ್ಕೆ ತಿರುಗಿಸಿ ಸರಿಪಡಿಸುತ್ತದೆ. ಇರುಳಿನ ದೀಪವೂ ಮೊಬೈಲಿನ ತೆರೆಯೂ ಅದನ್ನು ಇನ್ನಷ್ಟು ಹಿಂದಕ್ಕೆಳೆಯುತ್ತವೆ.

ರಾತ್ರಿ 10ಕ್ಕೆ ಮಲಗಿ 6ಕ್ಕೆ ಏಳುತ್ತಿದ್ದ ವಿದ್ಯಾರ್ಥಿಯೊಬ್ಬ ರಜೆಯಲ್ಲಿ 1ಕ್ಕೆ ಮಲಗಿ 9ಕ್ಕೆ ಏಳತೊಡಗಿದನೆಂದು ಭಾವಿಸೋಣ. ಎಂಟು ಗಂಟೆಯ ನಿದ್ರೆಯೇನೋ ಆಯಿತು. ಆದರೆ ಭೂಮಿ ಗಂಟೆಗೆ 15 ಡಿಗ್ರಿ ತಿರುಗುವುದರಿಂದ, 3 ಗಂಟೆಯೆಂದರೆ 45 ಡಿಗ್ರಿ ರೇಖಾಂಶ. ಮೈಸೂರಿನಿಂದ ಅಷ್ಟು ಪಶ್ಚಿಮಕ್ಕೆ ಸರಿದರೆ ಈಜಿಪ್ಟಿನ ಕೈರೊ ನಗರದ ರೇಖಾಂಶವೇ ಬಂದೀತು! ಹಾಸಿಗೆಯಿಂದ ಕದಲದೆಯೇ ಅವನು ಕೈರೊದ ವೇಳೆಗೆ ಬಾಳುತ್ತಿದ್ದಾನೆ. ಕಾಲೇಜು ತೆರೆಯುವ ಹಿಂದಿನ ರಾತ್ರಿ ಒಮ್ಮೆಗೇ ಹಿಂತಿರುಗಲು ಗಡಿಯಾರ ಬಿಡದು. ಅದು ದಿನಕ್ಕೆ ಸುಮಾರು ಒಂದು ಗಂಟೆಯಷ್ಟೇ ಸರಿದೀತು.

ನಮ್ಮ ಹಬ್ಬಗಳನ್ನೇ ನೋಡಿರಿ. ನರಕ ಚತುರ್ದಶಿಯ ಎಣ್ಣೆಸ್ನಾನ ಸೂರ್ಯೋದಯಕ್ಕೆ ಮೊದಲು. ಕಾರ್ತಿಕ ಸ್ನಾನವೂ ಹಾಗೆಯೇ. ಹಿಂದಿನವರಿಗೆ ನರಕೋಶಗಳ ಅರಿವಿತ್ತೆಂದು ನಾವು ಹೇಳುತ್ತಿಲ್ಲ. ಹಬ್ಬವೂ ಬೆಳಗೂ ಒಂದಕ್ಕೊಂದು ವೈರಿಗಳಲ್ಲವೆಂದಷ್ಟೇ ನಮ್ಮ ಮಾತು. ಸೂರ್ಯನೂ ನಮ್ಮ ವಿಷಯದಲ್ಲಿ ಉದಾರಿ. ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಕೊನೆಯವರೆಗೆ ಲಂಡನ್ನಿನಲ್ಲಿ ಹಗಲು ಮೂರು ಗಂಟೆಗೂ ಮಿಕ್ಕಿ ಕುಗ್ಗಿದರೆ, ಮೈಸೂರಿನಲ್ಲಿ ಕುಗ್ಗುವುದು ಸುಮಾರು ಅರ್ಧ ಗಂಟೆ. ಮನೆಯ ದೀಪ ಕೊಡುವುದು ಕೆಲವು ನೂರು ಲಕ್ಸ್ ಬೆಳಕಾದರೆ, ಬೆಳಗಿನ ಅಂಗಳದಲ್ಲಿ ಸಾವಿರಾರು ಲಕ್ಸ್ ಬಿಟ್ಟಿಯಾಗಿ ಸಿಗುತ್ತದೆ.

ಆದುದರಿಂದ ವಿದ್ಯಾರ್ಥಿಮಿತ್ರರಿಗೆ ನಮ್ಮ ಸಲಹೆಯಿಷ್ಟೆ. ಬಂದ ಕರೆಗೆಲ್ಲ ಓಗೊಡಬೇಕಾಗಿಲ್ಲ. ಮನಸ್ಸಿಗೆ ಹತ್ತಿರವಾದ ಕೆಲವು ಇರುಳುಗಳನ್ನು ಆರಿಸಿಕೊಳ್ಳಿರಿ. ಅಂದು ತಡವಾದರೂ, ಏಳುವ ವೇಳೆ ಒಂದು ಗಂಟೆಗಿಂತ ಹೆಚ್ಚು ಜಾರದಿರಲಿ. ಕೊರತೆಯಾದ ನಿದ್ರೆಯನ್ನು ಮಧ್ಯಾಹ್ನದ ಅರ್ಧ ಗಂಟೆಯ ಮಂಪರಿನಿಂದಲೂ ಮರುರಾತ್ರಿ ಬೇಗ ಮಲಗುವುದರಿಂದಲೂ ತುಂಬಿಸಿಕೊಳ್ಳಬಹುದು. ಹದಿಹರೆಯದವರಿಗೆ 8ರಿಂದ 10 ಗಂಟೆಯ ನಿದ್ರೆ ಬೇಕೆಂಬುದು ನೆನಪಿರಲಿ. ದೀಪಾಲಂಕಾರ ನೋಡಿ ಮೋಟಾರ್ ಸೈಕಲ್ಲಿನಲ್ಲಿ ಮರಳುವವರಿಗೆ ಇನ್ನೊಂದು ಎಚ್ಚರಿಕೆ: ಸತತ 17 ಗಂಟೆ ಎಚ್ಚರವಿದ್ದವರ ಕೈಕಣ್ಣುಗಳ ಹೊಂದಾಣಿಕೆ, ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯಸಾರವಿರುವವರಷ್ಟೇ ಕುಗ್ಗುತ್ತದೆಂದು ಆಸ್ಟ್ರೇಲಿಯದ ಸಂಶೋಧಕರು 1997ರಲ್ಲಿ ತೋರಿಸಿದರು. ಬೆಳಗ್ಗೆ 6ಕ್ಕೆ ಎದ್ದವರಿಗೆ ರಾತ್ರಿ 11ಕ್ಕೇ ಆ ಗಡಿ ಬರುತ್ತದೆ.

ಕಡೆಯದಾಗಿ, ಹಬ್ಬದ ಮನೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು, ಎಲ್ಲರ ಬಳಿಕ ಮಲಗುವವರು ತಾಯಂದಿರು. ಅವರ ಮೆದುಳಿನಲ್ಲಿಯೂ ಇರುವುದು ಇದೇ ಗಡಿಯಾರ. ಊಟವಾದ ಮೇಲೆ ಪಾತ್ರೆ ತೊಳೆಯಲು ಮಕ್ಕಳೆಲ್ಲ ಕೈಹಚ್ಚಿದರೆ ಅವರ ನಿದ್ರೆಗೆ ಒಂದು ಗಂಟೆ ಸೇರೀತು. ಒಬ್ಬರ ನಿದ್ರೆಯನ್ನು ಕಡಮೆಮಾಡಿ ಇನ್ನೊಬ್ಬರು ಪಡುವ ಸಂತೋಷವನ್ನು ಹಬ್ಬವೆಂದು ಕರೆಯಲು ನಮಗೆ ಮನಸ್ಸು ಬಾರದು.