ರೋಗಿಯ ರಕ್ತವೂ ಸಂಶೋಧಕರ ಋಣವೂ

ಕಾಮಾಲೆಯು ಒಂದೇ ರೋಗವೆಂದು ನಮ್ಮ ಜನರು ಬಹುಕಾಲದಿಂದ ನಂಬಿರುವರು. ವಾಸ್ತವದಲ್ಲಿ ಅದು ರೋಗವಲ್ಲ, ರೋಗದ ಕುರುಹು. ಯಕೃತ್ತಿನಲ್ಲಿ ಹುಟ್ಟಿದ ಪಿತ್ತವು ಸರಾಗವಾಗಿ ಹರಿದುಹೋಗದೆ ಅಲ್ಲಿಯೇ ನಿಂತು ಯಕೃತ್ತನ್ನೇ ಕೆಡಿಸುವ ವಿರಳ ವ್ಯಾಧಿಗಳು ಹಲವಿವೆ. ತುರಿಕೆ ತಾಳಲಾರದೆ ರಾತ್ರಿಯೆಲ್ಲ ಮೈ ಕೆರೆದುಕೊಳ್ಳುವ ಕೂಸನ್ನು ಕಂಡ ತಂದೆತಾಯಿಗಳಿಗೆ ಇವುಗಳ ಕ್ರೌರ್ಯವನ್ನು ವಿವರಿಸಬೇಕಾದುದಿಲ್ಲ.

ಇಂಥ ವ್ಯಾಧಿಗಳ ವಿರಳತೆಯೇ ಅವುಗಳ ಅಧ್ಯಯನಕ್ಕೆ ಮುಖ್ಯವಾದ ಅಡ್ಡಿ. ಒಂದು ಆಸ್ಪತ್ರೆಗೆ ಬರುವ ನಾಲ್ಕಾರು ರೋಗಿಗಳಿಂದ ಏನನ್ನು ತಾನೆ ನಿಶ್ಚಯಿಸಲಾದೀತು? ಆದುದರಿಂದಲೇ ಅನೇಕ ಆಸ್ಪತ್ರೆಗಳ ರೋಗಿಗಳಿಂದ ರಕ್ತವನ್ನೂ ಯಕೃತ್ತಿನ ತುಣುಕುಗಳನ್ನೂ ಪಡೆದು, ಒಂದೆಡೆ ಶೀತಲದಲ್ಲಿ ಕಾಪಾಡುವ ಪದ್ಧತಿಯು ಹುಟ್ಟಿತು. ಬ್ರಿಟನ್ನಿನಲ್ಲಿ ಹೀಗೆ 1,840 ರೋಗಿಗಳ ಮಾದರಿಗಳನ್ನು ಪರೀಕ್ಷಿಸಿದುದರ ಫಲವಾಗಿ, ಪ್ರೈಮರಿ ಬಿಲಿಯರಿ ಕೊಲಾಂಜೈಟಿಸ್ ಎಂದು ಈಗ ಕರೆಯಲಾಗುವ ರೋಗಕ್ಕೆ ಸಂಬಂಧಿಸಿದ 12 ಹೊಸ ಸ್ಥಾನಗಳು ವಂಶವಾಹಿಗಳಲ್ಲಿ ಕಂಡುಬಂದುವೆಂದು 2011ರಲ್ಲಿ ಪ್ರಕಟವಾಯಿತು. ಅಮೆರಿಕೆಯ ಆಮಿಶ್ ಎಂಬ ಕೃಷಿಕ ಸಮುದಾಯದ ಮಕ್ಕಳಲ್ಲಿ 1969ರಲ್ಲಿ ವರ್ಣಿತವಾದ ಬೈಲರ್ ವ್ಯಾಧಿಯ ಮೂಲವಾದ ವಂಶವಾಹಿಯು 1998ರಲ್ಲಿ ಗೊತ್ತಾದುದೂ ರೋಗಪೀಡಿತ ಕುಟುಂಬಗಳು ಕೊಟ್ಟ ರಕ್ತದಿಂದಲೇ.

ಈ ವರ್ಗದ ವ್ಯಾಧಿಗಳ ತುರಿಕೆಯನ್ನು ತಗ್ಗಿಸುವ ಓಡೆವಿಕ್ಸಿಬ್ಯಾಟ್ ಎಂಬ ಔಷಧಕ್ಕೆ 2021ರಲ್ಲಿ ಅಮೆರಿಕೆಯಲ್ಲಿಯೂ ಯೂರೋಪಿನಲ್ಲಿಯೂ ಅನುಮತಿ ದೊರೆಯಿತು. ಸಂತೋಷವೇ ಸರಿ. ಆದರೆ ಅಮೆರಿಕೆಯಲ್ಲಿ ಅದರ ಬೆಲೆಯು ವರ್ಷಕ್ಕೆ ಲಕ್ಷಗಟ್ಟಲೆ ಡಾಲರು! ಬಡವನ ಮಗುವೂ ರಕ್ತವನ್ನು ಕೊಡಬಹುದು; ಔಷಧವನ್ನು ಮಾತ್ರ ಧನಿಕನ ಮಗುವೇ ಕುಡಿಯಬೇಕೇ?

ನಮ್ಮ ದೇಶದಲ್ಲಿಯೂ ಈ ಕಾರ್ಯವು ಆರಂಭವಾಗಿದೆ. ದೆಹಲಿಯ ಯಕೃತ್ತು ಹಾಗೂ ಪಿತ್ತವಿಜ್ಞಾನ ಸಂಸ್ಥೆಯಲ್ಲಿ ರಾಷ್ಟ್ರೀಯ ಮಾದರಿ ಭಂಡಾರವಿದೆ. ರೋಗಿಯು ತಿಳಿದು ಒಪ್ಪಬೇಕು, ಬೇಡವೆನಿಸಿದಾಗ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳುವ ಹಕ್ಕು ಅವನಿಗಿರಬೇಕು ಎಂಬ ತತ್ತ್ವವು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಲ್ಲಿದೆ. ತತ್ತ್ವವೇನೋ ಉತ್ತಮವಾದುದೇ. ಆದರೆ ಓದಲಾರದ ಭಾಷೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಒಪ್ಪಿಗೆಯಾಗಲಾರದು.

ಮಾದರಿಯನ್ನು ಕೊಡಬೇಡಿರೆಂದು ನಾವು ಹೇಳುತ್ತಿಲ್ಲ. ಕೊಡಬೇಕೆಂದೇ ನಮ್ಮ ಬಿನ್ನಹ. ಕೊಡದಿದ್ದರೆ ಮುಂದಿನ ಕೂಸಿಗೂ ಇದೇ ಗತಿ. ಆದರೆ ಪಡೆದವರು ಅದನ್ನು ಸ್ವಂತದ ಸ್ವತ್ತೆಂದು ಎಣಿಸದೆ, ನಂಬಿಕೆಯಿಂದ ಒಪ್ಪಿಸಿದ ಠೇವಣಿಯೆಂದು ತಿಳಿಯತಕ್ಕದ್ದು. ರೋಗಿಯ ಭಾಷೆಯಲ್ಲಿಯೇ ವಿವರಿಸಿ ಒಪ್ಪಿಗೆ ಪಡೆಯುವುದು, ಸಂಶೋಧನೆಯ ಫಲವೇನಾಯಿತೆಂದು ಅವನಿಗೆ ತಿಳಿಸುವುದು, ಮಾದರಿಯು ಕಂಪೆನಿಯ ಕೈಸೇರುವ ಮೊದಲೇ ಔಷಧದ ಬೆಲೆಯ ಬಗ್ಗೆ ಕರಾರು ಮಾಡಿಕೊಳ್ಳುವುದು, ಈ ಮೂರನ್ನೂ ಸರ್ಕಾರದವರು ಕಡ್ಡಾಯಗೊಳಿಸಬೇಕು. ರಕ್ತವನ್ನು ಕೊಟ್ಟವನ ಋಣವು ಬರಿಯ ಕೃತಜ್ಞತೆಯ ಮಾತಿನಿಂದ ತೀರತಕ್ಕದ್ದಲ್ಲ.