ಗುಂಡಿ ತಪಾಸಣೆ: ಮೊದಲು ಯಾರ ಬಾಗಿಲಿಗೆ?

ತುಂಗೆ ಭದ್ರೆಯರು ಕೂಡಲಿಯಲ್ಲಿ ಒಂದಾಗಿ, ಹೊನ್ನಾಳಿಯನ್ನು ಮುಟ್ಟಿ, ಹರಿಹರದತ್ತ ಸಾಗುತ್ತಾರೆ. ಮೇಲಿನ ಊರು ಹೊಳೆಗೆ ಬಿಟ್ಟದ್ದು ಕೆಳಗಿನ ಊರಿನ ಕೊಡ ಸೇರುತ್ತದೆ. ಶಿವಮೊಗ್ಗ, ಭದ್ರಾವತಿಗಳು ಬಿಟ್ಟದ್ದು ನಮಗೆ. ನಾವು ಬಿಟ್ಟದ್ದು ಹರಿಹರಕ್ಕೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2018ರಲ್ಲಿ ಕರ್ನಾಟಕದ 17 ನದಿಗಳ ಕೆಲ ಭಾಗಗಳನ್ನು ಮಲಿನವೆಂದು ಗುರುತಿಸಿತು. ತುಂಗಾ, ಭದ್ರಾ, ತುಂಗಭದ್ರಾ ಮೂರೂ ಆ ಪಟ್ಟಿಯಲ್ಲಿದ್ದವು. ಇದಕ್ಕೆ ಕಾರ್ಖಾನೆಗಳನ್ನು ಮಾತ್ರ ದೂರಿ ಕೈತೊಳೆದುಕೊಳ್ಳುವಂತಿಲ್ಲ. ನಮ್ಮ ಕಕ್ಕಸು ಗುಂಡಿಗಳ ಲೆಕ್ಕವನ್ನೂ ಕೇಳಬೇಕಾಗಿದೆ.

ಸೆಪ್ಟಿಕ್ ಟ್ಯಾಂಕ್ ಎಂಬುದು ಮಾಯದ ಪೆಟ್ಟಿಗೆಯಲ್ಲ. ಅದರೊಳಗೆ ಗಟ್ಟಿ ಹೊಲಸು ತಳಕ್ಕೆ ಕೂರುತ್ತದೆ, ಜಿಡ್ಡು ಮೇಲೆ ತೇಲುತ್ತದೆ, ನಡುವಿನ ನೀರು ಹೊರಗೆ ಹರಿಯುತ್ತದೆ. ಹರಿಯುವ ಆ ನೀರಿನಲ್ಲೂ ರೋಗಾಣುಗಳಿರುತ್ತವೆ. ಆದಕಾರಣ ಅದನ್ನು ಇಂಗುಗುಂಡಿಗೆ ಬಿಡಬೇಕೇ ಹೊರತು ಬೀದಿಯ ಚರಂಡಿಗಲ್ಲ. ಇಂಗುಗುಂಡಿಯು ಕುಡಿಯುವ ನೀರಿನ ಬಾವಿಯಿಂದ 18 ಮೀಟರಾದರೂ, ಅಂದರೆ ಸುಮಾರು 60 ಅಡಿ, ದೂರವಿರಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ತಳದ ಹೊಲಸನ್ನು ಎರಡು ಮೂರು ವರ್ಷಕ್ಕೊಮ್ಮೆ ತೆಗೆಸಬೇಕು. ನಮ್ಮಂಥ ಸಣ್ಣ ಊರುಗಳಲ್ಲಿ ನಡೆಯುವುದೇನು? ಗುಂಡಿ ಕಟ್ಟಿದ ಮೇಲೆ ಮುಚ್ಚಳದ ಮೇಲೆ ಸಿಮೆಂಟು ಬಳಿದು ಮರೆತುಬಿಡುವುದು. ಅದು ತುಂಬಿ ಉಕ್ಕಿದರೆ ಚರಂಡಿಗೊಂದು ಪೈಪು ಇಡುವುದು. ಚರಂಡಿಯು ಹೊಳೆಗೆ ದಾರಿ ಬಲ್ಲದು.

2014ರ ಅಕ್ಟೋಬರ್ 2ರಂದು ಆರಂಭವಾದ ಸ್ವಚ್ಛ ಭಾರತ ಯೋಜನೆಯಲ್ಲಿ ದೇಶದ ತುಂಬ ಕಕ್ಕಸುಗಳು ಎದ್ದವು. ಬಹಿರ್ದೆಸೆಗಾಗಿ ಕತ್ತಲಾಗುವುದನ್ನು ಕಾಯುವ ಹಳ್ಳಿಯ ಹೆಣ್ಣುಮಕ್ಕಳ ಪರವಾಗಿ ಡಾ. ಲೋಹಿಯಾ ಅವರು ಅಷ್ಟು ಹಿಂದೆಯೇ ದನಿಯೆತ್ತಿದ್ದರು. ಆ ದೃಷ್ಟಿಯಿಂದ ಈ ಕೆಲಸ ಸ್ವಾಗತಾರ್ಹವೇ. ಆದರೆ ಸರ್ಕಾರ ಗೋಡೆಗಳನ್ನು ಎಣಿಸಿದಷ್ಟು ಶ್ರದ್ಧೆಯಿಂದ ಗುಂಡಿಗಳನ್ನು ಎಣಿಸಲಿಲ್ಲ. ಗುಂಡಿ ತುಂಬಿದ ಮೇಲೆ ಹೊಲಸು ಎಲ್ಲಿಗೆ ಹೋಗಬೇಕೆಂದು ಕೇಳಿದವರೂ ಕಡಿಮೆ. 2019ರ ಆಗಸ್ಟಿನ ನೆರೆಯಲ್ಲಿ ಹೊಳೆಯೇ ಊರಿನ ತಗ್ಗಿಗೆ ನುಗ್ಗಿತು. ಹಾಗೆ ನುಗ್ಗಿದ ನೀರು ಗುಂಡಿ, ಚರಂಡಿ, ಬಾವಿ ಎಂದು ಭೇದ ಮಾಡುವುದಿಲ್ಲ. ಪಕ್ಕದ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ 2023ರ ಆಗಸ್ಟಿನಲ್ಲಿ ಕಲುಷಿತ ನೀರು ಕುಡಿದು ನೂರಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು. ಹಲವರು ಪ್ರಾಣ ಬಿಟ್ಟರು. ವಾಂತಿಭೇದಿ ಬಂದರೆ ಮಿಲ್ಲಿನ ಹಮಾಲನಿಗೆ ರಜೆಯೂ ಇಲ್ಲ, ಕೂಲಿಯೂ ಇಲ್ಲ.

ಇದಕ್ಕಿಂತ ಕ್ರೂರವಾದ ಮಾತು ಇನ್ನೊಂದಿದೆ. ತುಂಬಿದ ಗುಂಡಿಗೆ ಯಂತ್ರ ಸಿಗದಿದ್ದಾಗ ಮನುಷ್ಯನನ್ನು ಇಳಿಸುತ್ತಾರೆ. ಆ ಕತ್ತಲಲ್ಲಿ ಕಾದಿರುವ ವಿಷಾನಿಲ ಮೊದಲು ಮೂಗಿನ ವಾಸನಾಶಕ್ತಿಯನ್ನೇ ಕೊಲ್ಲುತ್ತದೆ, ಆಮೇಲೆ ಮನುಷ್ಯನನ್ನು. ಅವನನ್ನು ಎತ್ತಲು ಇಳಿದವನೂ ಅಲ್ಲೇ ಉಳಿಯುತ್ತಾನೆ. ಹರಿಹರದಲ್ಲಿ ಹುಟ್ಟಿದ ಬಿ. ಬಸವಲಿಂಗಪ್ಪನವರು ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿಗಳಾಗಿದ್ದಾಗಲೇ, 1970ರ ದಶಕದಲ್ಲಿ, ಈ ನಾಡಿನಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. 2013ರ ಕಾಯಿದೆಯು ರಕ್ಷಣೆಯಿಲ್ಲದೆ ಯಾರನ್ನೂ ಗುಂಡಿಗೆ ಇಳಿಸಕೂಡದೆಂದು ವಿಧಿಸಿತು. ಇಳಿಸಿದವನು ಮನೆಯ ಯಜಮಾನನೇ ಆಗಲಿ, ಪುರಸಭೆಯೇ ಆಗಲಿ, ಮೊದಲ ತಪ್ಪಿಗೆ 2 ವರ್ಷದವರೆಗೆ ಸೆರೆ ಇಲ್ಲವೆ 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಸತ್ತವನ ಕುಟುಂಬಕ್ಕೆ 30 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು 2023ರ ಅಕ್ಟೋಬರಿನಲ್ಲಿ ತೀರ್ಪಿತ್ತಿದೆ. ಆದರೂ ಗುಂಡಿಗೆ ಇಳಿಯುವವನ ಜಾತಿ ಬದಲಾಗಿಲ್ಲ. ಜಾತಿಯೂ ಬಡತನವೂ ಕೂಡಿ ಅವನನ್ನು ಕೆಳಗೆ ತಳ್ಳುತ್ತಿವೆ.

ಆದ್ದರಿಂದ ಗುಂಡಿಗಳ ತಪಾಸಣೆ ಆಗಲೇಬೇಕೆಂಬುದು ನಮ್ಮ ನಿಲುವು. ಈ ಮಾತಿಗೆ ನಮ್ಮ ಪುಡಿ ವ್ಯಾಪಾರಿ ಬಂಧುಗಳು ಹುಬ್ಬು ಗಂಟಿಕ್ಕಬಹುದು. ಇನ್‌ಸ್ಪೆಕ್ಟರು ಬಂದರೆ ಟೀ ಅಂಗಡಿಯವನು ದಂಡ ಕಟ್ಟುತ್ತಾನೆ, ದೊಡ್ಡವರ ಲಾಡ್ಜಿನಲ್ಲಿ ಕಾಫಿ ಕುಡಿದು ಎದ್ದು ಹೋಗುತ್ತಾರೆ ಎಂಬ ಅವರ ಅಂಜಿಕೆ ಹುಸಿಯಲ್ಲ. ಹಾಗೆಂದು ತಪಾಸಣೆಯೇ ಬೇಡವೆಂದರೆ ಲಾಭ ಯಾರಿಗೆ? ನೂರಾರು ಜನ ಉಂಡೇಳುವ ಕಲ್ಯಾಣ ಮಂಟಪಕ್ಕೆ, ಹೊಲಸನ್ನು ರಾತ್ರೋರಾತ್ರಿ ಹಳ್ಳಕ್ಕೆ ಸುರಿಯುವ ಗಾಡಿಯವನಿಗೆ. ಸಣ್ಣವನ ರಕ್ಷಣೆ ಇರುವುದು ತಪಾಸಣೆಯನ್ನು ತಪ್ಪಿಸುವುದರಲ್ಲಲ್ಲ, ಅದರ ನಿಯಮವನ್ನು ಬಹಿರಂಗಪಡಿಸುವುದರಲ್ಲಿ.

ನಮ್ಮ ಒತ್ತಾಯಗಳಿವು. ತಪಾಸಣೆ ಮೊದಲು ಸರ್ಕಾರದ ಮನೆಯಿಂದಲೇ ಆರಂಭವಾಗಲಿ: ಕಚೇರಿ, ಆಸ್ಪತ್ರೆ, ಹಾಸ್ಟೆಲು, ಬಸ್ ನಿಲ್ದಾಣ. ಅನಂತರ ಲಾಡ್ಜು, ಕಲ್ಯಾಣ ಮಂಟಪ, ಮಿಲ್ಲುಗಳು. ಮನೆ ಮತ್ತು ಸಣ್ಣ ಅಂಗಡಿಗಳ ಸರದಿ ಕೊನೆಗೆ. ಅವರಿಗೆ ಮೊದಲು ತಿಳಿವಳಿಕೆ, ನಂತರ ಅವಧಿ, ಆಮೇಲಷ್ಟೇ ದಂಡ. ಗುಂಡಿ ಬಳಿಯುವ ಯಂತ್ರದ ಗಾಡಿಯ ದರವನ್ನು ಬಡವನ ಕೈಗೆಟುಕುವಂತೆ ನಿಗದಿ ಮಾಡಿ ಕಚೇರಿಯ ಗೋಡೆಯ ಮೇಲೆ ಬರೆಸಲಿ. ಬಳಿದ ಹೊಲಸನ್ನು ಎಲ್ಲಿ ಸುರಿದರೆಂದು ಪ್ರತಿ ಗಾಡಿಗೂ ಲೆಕ್ಕವಿರಲಿ. ಮಿಲ್ಲಿನ ಮಾಲೀಕರು ಕಾರ್ಮಿಕರ ಕಕ್ಕಸುಗಳನ್ನು ಸರಿಪಡಿಸಲಿ. ಅದರ ವೆಚ್ಚವನ್ನು ಕೂಲಿಯಲ್ಲಿ ಮುರಿಯಕೂಡದು.

ಇದು ಆಗದ ಮಾತೆಂದು ಅಧಿಕಾರಿಗಳು ತಲೆಯಾಡಿಸುವಂತಿಲ್ಲ. ಬೆಂಗಳೂರಿನ ಸಮೀಪದ ದೇವನಹಳ್ಳಿಯೂ ದೊಡ್ಡ ನಗರವಲ್ಲ. ಗುಂಡಿಗಳಿಂದ ತಂದ ಹೊಲಸನ್ನು ಸಂಸ್ಕರಿಸಿ ಗೊಬ್ಬರ ಮಾಡುವ ಘಟಕ ಅಲ್ಲಿ 2015ರಲ್ಲಿಯೇ ಕೆಲಸ ಆರಂಭಿಸಿತು. ಭದ್ರಾ ನಾಲೆಯ ನೀರುಂಡು ಭತ್ತ, ಅಡಿಕೆ ಬೆಳೆಯುವ ನಮ್ಮ ಸೀಮೆಯಲ್ಲಿ ಗೊಬ್ಬರಕ್ಕೆ ಗಿರಾಕಿಯಿಲ್ಲವೆಂದು ಯಾರು ಹೇಳಿಯಾರು?

1997ರವರೆಗೆ ನಮ್ಮ ತಾಲ್ಲೂಕು ಶಿವಮೊಗ್ಗ ಜಿಲ್ಲೆಗೆ ಸೇರಿತ್ತು. 1951ರಲ್ಲಿ ಕಾಗೋಡಿನ ಗೇಣಿದಾರರು ಅದೇ ಜಿಲ್ಲೆಯಲ್ಲಿ ಎದ್ದು ನಿಂತು ಮನುಷ್ಯರ ಮರ್ಯಾದೆ ಕೇಳಿದರು. ಶುದ್ಧವಾದ ನೀರು, ಯಾರ ಪ್ರಾಣವನ್ನೂ ತೆಗೆಯದ ಕಕ್ಕಸು, ಇವೂ ಅದೇ ಮರ್ಯಾದೆಯ ಮಾತು. ಓಟು ಕೇಳಲು ಬಾಗಿಲಿಗೆ ಬರುವವರನ್ನು ಇನ್ನು ಮುಂದೆ ರಸ್ತೆ, ದೀಪಗಳ ಜೊತೆಗೆ ಇದನ್ನೂ ಕೇಳಿರಿ: ನಮ್ಮ ಓಣಿಯ ಗುಂಡಿಯ ಹೊಲಸು ಎಲ್ಲಿಗೆ ಹೋಗುತ್ತದೆ? ಅದನ್ನು ಯಾರು ತೆಗೆಯುತ್ತಾರೆ? ಉತ್ತರ ಸಿಗುವವರೆಗೂ ಬಾಗಿಲಲ್ಲೇ ನಿಲ್ಲಿಸಿರಿ.