ನಾಕೌಟ್ ರಾತ್ರಿಗಳು, ನೋಂಬು ಮತ್ತು ಪರೀಕ್ಷೆ

ಈ ಸಲದ ಚಾಂಪಿಯನ್ಸ್ ಲೀಗ್ ಫುಟ್ಬಾಲ್ ವೇಳಾಪಟ್ಟಿಯನ್ನು ಅಡುಗೆ ಮನೆಯ ಗೋಡೆಯಲ್ಲಿರುವ ಕ್ಯಾಲೆಂಡರಿನ ಪಕ್ಕ ಇಟ್ಟು ನೋಡಿ. ನಾಕೌಟ್ ಪ್ಲೇಆಫ್ ಪಂದ್ಯಗಳು ಫೆಬ್ರವರಿ 17, 18 ಮತ್ತು 24, 25ಕ್ಕೆ. ಹದಿನಾರು ತಂಡಗಳ ಸುತ್ತು ಮಾರ್ಚ್ 10, 11 ಮತ್ತು 17, 18ಕ್ಕೆ. ಈಗ ನಮ್ಮ ಕಡೆಯ ಲೆಕ್ಕ: ರಮಝಾನ್ ಫೆಬ್ರವರಿ ಮೂರನೇ ವಾರದಲ್ಲಿ ಶುರು, ಮಾರ್ಚ್ 20ರ ಆಸುಪಾಸಿನಲ್ಲಿ ಪೆರ್ನಾಲ್. (ಕೆಲವು ವರ್ಷ ಊರಿಗೂ ಇಲ್ಲಿಗೂ ಒಂದು ದಿನ ಹಿಂದೆ ಮುಂದೆ ಆಗುವುದುಂಟು, ಅದು ಬೇರೆ ಚರ್ಚೆ.) ದ್ವಿತೀಯ ಪಿಯುಸಿ ಪರೀಕ್ಷೆ ಫೆಬ್ರವರಿ 28ರಿಂದ ಮಾರ್ಚ್ 17ರ ತನಕ. ಎಸೆಸೆಲ್ಸಿ ಮಾರ್ಚ್ 18ರಿಂದ ಏಪ್ರಿಲ್ 2ರ ತನಕ.

ಅಲ್ಲಿ ಕೊಟ್ಟಿರುವುದು ಯುರೋಪಿನ ದಿನಾಂಕ ಅನ್ನುವುದನ್ನು ಮರೆಯಬಾರದು. ಅಲ್ಲಿ ರಾತ್ರಿ 9 ಗಂಟೆ ಅಂದರೆ ನಮಗೆ ಮಧ್ಯರಾತ್ರಿ ಕಳೆದು 1.30. ಅಂದರೆ ಮಾರ್ಚ್ 17ರ ಪಂದ್ಯ ನಮ್ಮ ಲೆಕ್ಕದಲ್ಲಿ 18ರ ನಸುಕಿಗೂ ಮುಂಚೆ. ಅದೇ ದಿನ ಬೆಳಗ್ಗೆ ಹತ್ತನೇ ತರಗತಿಯ ಮಕ್ಕಳು ಮೊದಲ ಪೇಪರ್ ಬರೆಯಬೇಕು. ಪಂದ್ಯ ಮುಗಿಯುವಾಗ 3.20, ಹೆಚ್ಚುವರಿ ಸಮಯಕ್ಕೆ ಹೋದರೆ ನಾಲ್ಕು ದಾಟುತ್ತದೆ. ಆ ದಿನಗಳಲ್ಲಿ ತುಮಕೂರಿನಲ್ಲಿ ಸಹರಿ ಮುಗಿಯುವುದು ಸುಮಾರು ಐದೂ ಕಾಲಿಗೆ. ಪಂದ್ಯ ನೋಡಿದವನು ಮಲಗುವುದಿಲ್ಲ, ಸಹರಿ ತಿಂದು, ಸುಬುಹಿ ನಮಾಝ್ ಮಾಡಿ, ಕಣ್ಣು ಉರಿಸಿಕೊಂಡು ಪರೀಕ್ಷಾ ಕೇಂದ್ರಕ್ಕೆ ಹೊರಡುತ್ತಾನೆ. ನೋಂಬು ಬೇರೆ.

ತುಮಕೂರು ನಗರ, ಗುಬ್ಬಿ, ಕುಣಿಗಲ್‌ನಲ್ಲಿರುವ ನಮ್ಮ ಬ್ಯಾರಿ ಮನೆಗಳಲ್ಲಿ ಇದರ ತೂಕ ಸ್ವಲ್ಪ ಜಾಸ್ತಿ. ಊರಿನಲ್ಲಾದರೆ ಕಾಕ, ಮಾವ, ಅಜ್ಜಿ ಅಂತ ಕಣ್ಣಿಡಲು ಹತ್ತು ಜನ. ಘಟ್ಟ ಹತ್ತಿ ಬಂದವರ ಮನೆಯಲ್ಲಿ ಬಾಪ ಹೋಟೆಲ್, ಬೇಕರಿ, ಅಂಗಡಿ ಬಾಗಿಲು ಹಾಕಿ ಬರುವಾಗ ಹನ್ನೊಂದು, ಹನ್ನೆರಡು. ಎಷ್ಟೋ ಮನೆಗಳಲ್ಲಿ ಬಾಪ ಗಲ್ಫಿನಲ್ಲಿ, ಉಮ್ಮ ಒಬ್ಬರೇ. ಕೋಣೆಯ ಬಾಗಿಲಿನ ಸಂದಿಯಲ್ಲಿ ಮೊಬೈಲಿನ ನೀಲಿ ಬೆಳಕು ಕಂಡರೆ ಹುಡುಗ ಓದುತ್ತಿದ್ದಾನೋ, ಪಂದ್ಯ ನೋಡುತ್ತಿದ್ದಾನೋ, ಇನ್ನೇನೋ ಮಾಡುತ್ತಿದ್ದಾನೋ ಅಂತ ಅವರಿಗೆ ಗೊತ್ತಾಗುವುದು ಹೇಗೆ? ಪರೀಕ್ಷೆ ಇಲ್ಲದೆ ದುಡಿಯುವ ಹುಡುಗರ ಕತೆ ಬೇರೆ. ರಾತ್ರಿ ಹನ್ನೊಂದರ ತನಕ ಟೇಬಲ್ ಒರೆಸಿದವನಿಗೆ ಆ ಒಂದೂವರೆ ಗಂಟೆ ಬಿಟ್ಟರೆ ತನ್ನದು ಅಂತ ಹೇಳಿಕೊಳ್ಳುವ ಹೊತ್ತೇ ಇರುವುದಿಲ್ಲ. ಅವನನ್ನೂ ಎಸೆಸೆಲ್ಸಿ ಹುಡುಗನನ್ನೂ ಒಂದೇ ಕೋಲಿನಲ್ಲಿ ಗದರುವುದು ಸರಿಯಲ್ಲ ಅಂತ ನಮ್ಮ ಅಭಿಪ್ರಾಯ.

ಈ ಆಟ ಹುಡುಗರನ್ನು ಯಾಕೆ ಹಿಡಿದಿಡುತ್ತದೆ ಅಂತ ತಿಳಿಯಬೇಕಾದರೆ ಹಿರಿಯರು ಕಳೆದ ಸೀಸನ್ನಿನ ಕತೆ ಕೇಳಬೇಕು. 2024-25ರಲ್ಲಿ ಟೂರ್ನಿಯ ರೂಪವೇ ಬದಲಾಯಿತು. ಗುಂಪುಗಳು ಹೋದವು, 36 ತಂಡಗಳ ಒಂದೇ ಪಟ್ಟಿ ಬಂತು, ಪ್ರತಿ ತಂಡಕ್ಕೆ 8 ಪಂದ್ಯ. ಮೊದಲ 8 ತಂಡ ನೇರವಾಗಿ ಹದಿನಾರರ ಸುತ್ತಿಗೆ. 9ರಿಂದ 24ರ ತನಕ ಬಂದವರಿಗೆ ಫೆಬ್ರವರಿಯಲ್ಲಿ ಇನ್ನೊಂದು ಪರೀಕ್ಷೆ. ಉಳಿದವರು ಮನೆಗೆ.

ಪ್ಯಾರಿಸ್ ಸೇಂಟ್ ಜರ್ಮೈನ್, ಹುಡುಗರ ಬಾಯಲ್ಲಿ ಪಿಎಸ್‌ಜಿ, ಮೊದಲ ಐದು ಪಂದ್ಯದಲ್ಲಿ ಗಳಿಸಿದ್ದು ಬರೇ 4 ಅಂಕ. ಮೆಸ್ಸಿ, ನೇಮರ್ ಮೊದಲೇ ಹೋಗಿದ್ದರು, ಎಂಬಾಪೆ ಆ ಬೇಸಿಗೆಯಲ್ಲಿ ರಿಯಲ್ ಮ್ಯಾಡ್ರಿಡ್ ಸೇರಿದ್ದ. ಕತೆ ಮುಗಿಯಿತು ಅಂದುಕೊಂಡವರೇ ಹೆಚ್ಚು. ಜನವರಿಯಲ್ಲಿ ಮ್ಯಾಂಚೆಸ್ಟರ್ ಸಿಟಿ ವಿರುದ್ಧ 0-2 ಹಿಂದಿದ್ದವರು 4-2ರಲ್ಲಿ ಗೆದ್ದರು. ಕೊನೆಗೆ 13 ಅಂಕದೊಂದಿಗೆ 15ನೇ ಸ್ಥಾನ. ಪ್ಲೇಆಫಿನಲ್ಲಿ ತಮ್ಮದೇ ದೇಶದ ಬ್ರೆಸ್ಟ್ ತಂಡಕ್ಕೆ ಎರಡು ಪಂದ್ಯ ಸೇರಿ 10 ಗೋಲು ಹೊಡೆದರು. ಆಮೇಲೆ ಎದುರಾದದ್ದು ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿದ್ದ ಲಿವರ್‌ಪೂಲ್. ಪ್ಯಾರಿಸಿನಲ್ಲಿ ಇಡೀ ಪಂದ್ಯ ಪಿಎಸ್‌ಜಿ ಕೈಯಲ್ಲಿತ್ತು, ಆದರೆ 87ನೇ ನಿಮಿಷದಲ್ಲಿ ಎಲಿಯಟ್ ಹೊಡೆದ ಒಂದೇ ಗೋಲಿಗೆ ಸೋತರು. ವಾರ ಕಳೆದು ಆನ್‌ಫೀಲ್ಡಿನಲ್ಲಿ ಡೆಂಬೆಲೆ 12ನೇ ನಿಮಿಷದಲ್ಲೇ ಲೆಕ್ಕ ಸಮ ಮಾಡಿದ, ಪೆನಾಲ್ಟಿಯಲ್ಲಿ 4-1. ಮತ್ತೆ ಆಸ್ಟನ್ ವಿಲ್ಲಾ, ಆರ್ಸೆನಲ್. ಮೇ 31ರಂದು ಮ್ಯೂನಿಕ್ ಫೈನಲಿನಲ್ಲಿ ಇಂಟರ್ ಮಿಲಾನ್ ವಿರುದ್ಧ 5-0. ಈ ಕಪ್ಪಿನ ಫೈನಲ್‌ಗಳ ಇತಿಹಾಸದಲ್ಲೇ ಅತಿ ದೊಡ್ಡ ಅಂತರ. ಮೊದಲ ಗೋಲು ಮೊರೊಕ್ಕೊದ ಅಶ್ರಫ್ ಹಕೀಮಿಯದು. ಇಂಟರ್ ತನ್ನ ಹಳೇ ತಂಡ ಅಂತ ಆತ ಸಂಭ್ರಮಿಸಲಿಲ್ಲ. ಎರಡು ಗೋಲು ಹೊಡೆದ ಡುವೆಗೆ ಆಗ 19 ವರ್ಷ.

ಸೆಪ್ಟೆಂಬರಿನಲ್ಲಿ ಬ್ಯಾಲನ್ ಡಿಓರ್ ಪ್ರಶಸ್ತಿ ಡೆಂಬೆಲೆಗೆ ಬಂತು, ಎರಡನೇ ಸ್ಥಾನ ಬಾರ್ಸಿಲೋನಾದ ಲಮೀನ್ ಯಮಾಲ್‌ಗೆ. ಇಬ್ಬರೂ ಮುಸ್ಲಿಮರು ಅಂತ ಆ ರಾತ್ರಿ ನಮ್ಮ ವಾಟ್ಸ್ಆ್ಯಪ್ ಗುಂಪುಗಳು ತುಂಬಿ ಹರಿದವು. ಖುಷಿ ಪಡಲಿ, ತಪ್ಪಿಲ್ಲ. ಆದರೆ ಪ್ರಶಸ್ತಿ ಬಂದದ್ದು ಹೆಸರಿಗಲ್ಲ. ವರ್ಷಗಟ್ಟಲೆ ಗಾಯದ ಕಾಟ ಅನುಭವಿಸಿದ್ದ ಡೆಂಬೆಲೆ, ಎದುರಾಳಿಯ ಗೋಲ್‌ಕೀಪರ್ ತನಕ ಓಡಿ ಚೆಂಡು ಕಸಿಯುವ ಕೆಲಸವನ್ನೂ ತಾನೇ ಮಾಡಿದ.

ಈ ಮಾತು ನೋಂಬಿನ ವಿಷಯಕ್ಕೆ ಬಂದು ಸೇರುತ್ತದೆ. ಕಳೆದ ವರ್ಷವೂ ಹದಿನಾರರ ಸುತ್ತು ರಮಝಾನಿನಲ್ಲೇ ಬಂದಿತ್ತು. ಮಾರ್ಚ್ 11ರಂದು ಬೆನ್ಫಿಕಾ ವಿರುದ್ಧ ಬಾರ್ಸಿಲೋನಾ ಆಡಿದಾಗ 17 ವರ್ಷದ ಯಮಾಲ್ ನೋಂಬಿನಲ್ಲಿದ್ದ. ಪಂದ್ಯ ಅಲ್ಲಿನ ಸಂಜೆ 6.45ಕ್ಕೆ ಶುರು. ಸ್ವಲ್ಪ ಹೊತ್ತಿಗೆ ಸೂರ್ಯ ಮುಳುಗಿತು, ಆಟದ ನಡುವೆಯೇ ನೋಂಬು ಬಿಟ್ಟ. ಒಂದು ಗೋಲು ಹೊಡೆದ, ಒಂದಕ್ಕೆ ಪಾಸ್ ಕೊಟ್ಟ, ತಂಡ 3-1ರಲ್ಲಿ ಗೆದ್ದಿತು. ಈ ವಿಡಿಯೋ ನೋಡದ ಹುಡುಗ ನಮ್ಮಲ್ಲಿ ಇಲ್ಲ. ವಿಡಿಯೋದಲ್ಲಿ ಕಾಣದ ಭಾಗ ಒಂದಿದೆ. ಆತ ಸಹರಿಗೆ ಏನು ಕುಡಿಯಬೇಕು, ನೋಂಬು ಬಿಡುವಾಗ ಏನು ತಿನ್ನಬೇಕು ಅಂತ ನೋಡಿಕೊಳ್ಳಲು ಕ್ಲಬ್ಬಿನಲ್ಲಿ ಆಹಾರ ತಜ್ಞರಿದ್ದಾರೆ. ನಿದ್ದೆಗೂ ಅವರಲ್ಲಿ ಲೆಕ್ಕ ಇಡುತ್ತಾರೆ.

ಇನ್ನೊಂದು ಸಂಗತಿ ನಮ್ಮ ಹುಡುಗರು ಗಮನಿಸಬೇಕು. ರಾತ್ರಿ 9ರ ಪಂದ್ಯ ಅವರಿಗೆ ಇಫ್ತಾರ್ ಮುಗಿದ ಮೇಲಿನದ್ದು, ಹೊಟ್ಟೆಗೆ ಬಿದ್ದ ಮೇಲೆ ಆಡುವ ಆಟ. ಅದೇ ಹೊತ್ತು ನಮಗೆ ತಹಜ್ಜುದಿನ ಹೊತ್ತು. ನೋಂಬು ಹಿಡಿದ ಆಟಗಾರನ ಕಷ್ಟವನ್ನು ನೋಡುವುದಕ್ಕೆ ಅಂತ ನಮ್ಮ ನೋಂಬನ್ನೇ ಸುಸ್ತು ಮಾಡಿಕೊಳ್ಳುವುದು ಎಂಥಾ ಲೆಕ್ಕ ಮಾರಾಯ್ರೆ!

ಯುರೋಪಿನಲ್ಲಿ ಎಲ್ಲ ಕಡೆ ಒಂದೇ ರೀತಿ ಇದೆ ಅಂತಲೂ ಅಲ್ಲ. ಇಂಗ್ಲೆಂಡಿನಲ್ಲಿ 2021ರ ಏಪ್ರಿಲಿನಲ್ಲಿ ಲೆಸ್ಟರ್ ಮತ್ತು ಕ್ರಿಸ್ಟಲ್ ಪ್ಯಾಲೆಸ್ ಪಂದ್ಯದಲ್ಲಿ ಫೊಫಾನ, ಕುಯಾಟೆ ನೋಂಬು ಬಿಡಲಿ ಅಂತ ಗೋಲ್ ಕಿಕ್ ತಡ ಮಾಡಿ ಕೊಟ್ಟರು. ಮರುವರ್ಷ ಜರ್ಮನಿಯ ಲೀಗಿನಲ್ಲೂ ಮೈಂಝ್ ತಂಡದ ನಿಯಾಖಾಟೆಗೆ ರೆಫರಿ ಆಟ ನಿಲ್ಲಿಸಿದ. ಫ್ರಾನ್ಸಿನ ಫುಟ್ಬಾಲ್ ಫೆಡರೇಷನ್ ಮಾತ್ರ ಇದಕ್ಕೆ ಒಪ್ಪುವುದಿಲ್ಲ. 2024ರಲ್ಲಿ ಅವರ 19 ವರ್ಷದೊಳಗಿನ ಶಿಬಿರದಿಂದ ಡಿಯಾವರಾ ಎಂಬ ಹುಡುಗ ಈ ಕಾರಣಕ್ಕೇ ಹೊರಗೆ ಬಂದ. ಹೀಗೆ ಸ್ಥಾನ ಬಿಟ್ಟುಕೊಟ್ಟವರ ಸುದ್ದಿ ಗೋಲಿನ ರೀಲ್ಸಿನಲ್ಲಿ ಬರುವುದಿಲ್ಲ.

ಹುಡುಗರು ಯುರೋಪಿನ ಪಂದ್ಯಕ್ಕೆ ರಾತ್ರಿ ಕಾಯುವುದರಲ್ಲಿ ನಮ್ಮ ದೇಶದ ಪಾಲೂ ಇದೆ. ಸಂಜೆ ಏಳೂವರೆಗೆ ಇಲ್ಲೇ ಒಳ್ಳೆ ಫುಟ್ಬಾಲ್ ಸಿಕ್ಕಿದ್ದರೆ ಅವರು ಒಂದೂವರೆಗೆ ಏಳುತ್ತಿದ್ದರೇ? 2016ರಲ್ಲಿ ಬೆಂಗಳೂರು ಎಫ್‌ಸಿ ಎಎಫ್‌ಸಿ ಕಪ್ ಸೆಮಿಫೈನಲಿನಲ್ಲಿ ಮಲೇಷ್ಯಾದ ಜೊಹೊರ್ ತಂಡವನ್ನು ಕಂಠೀರವದಲ್ಲಿ 3-1ರಿಂದ ಸೋಲಿಸಿ, ಆ ಟೂರ್ನಿಯ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆಯಿತು. ಫೈನಲ್ ನಡೆದದ್ದು ದೋಹಾದಲ್ಲಿ. ಇರಾಕಿನ ವಾಯುಪಡೆ ತಂಡಕ್ಕೆ 0-1ರಿಂದ ಸೋತರು. ತುಮಕೂರಿನಿಂದ ಕಂಠೀರವಕ್ಕೆ ಎಪ್ಪತ್ತು ಕಿಲೋಮೀಟರ್, ರೈಲು ಹತ್ತಿ ಹೋಗಿ ನೋಡಬಹುದಾದ ತಂಡ. ಆದರೆ 2025ರ ಆಗಸ್ಟಿನಲ್ಲಿ ಅದೇ ಕ್ಲಬ್ ಆಟಗಾರರ ಸಂಬಳವನ್ನೇ ತಡೆಹಿಡಿಯಿತು, ಯಾಕೆಂದರೆ ಇಂಡಿಯನ್ ಸೂಪರ್ ಲೀಗ್ ನಡೆಯುತ್ತದೋ ಇಲ್ಲವೋ ಅನ್ನುವುದೇ ಖಚಿತವಿರಲಿಲ್ಲ. ಸೆಪ್ಟೆಂಬರಿಗೆ ಶುರುವಾಗಬೇಕಿದ್ದ ಲೀಗ್ ವರ್ಷ ಮುಗಿಯುವ ತನಕ ಶುರುವಾಗಲಿಲ್ಲ. ಹತ್ತಿರದ ಮೈದಾನದಲ್ಲಿ ಆಟ ಇಲ್ಲದಾಗ ಹುಡುಗ ದೂರದ್ದಕ್ಕೆ ಕಣ್ಣು ಹಾಕುತ್ತಾನೆ.

ನಿದ್ದೆಗಿಂತ ದೊಡ್ಡ ವಿಷಯ ದುಡ್ಡು. ಪಂದ್ಯ ನೋಡುವ ಮೊಬೈಲಿನಲ್ಲೇ ಪಂದ್ಯದ ಮೇಲೆ ದುಡ್ಡು ಕಟ್ಟುವ ದಾರಿಯೂ ಇದೆ. 2025ರ ಆಗಸ್ಟಿನಲ್ಲಿ ಸಂಸತ್ತು ದುಡ್ಡಿನ ಆನ್‌ಲೈನ್ ಆಟಗಳನ್ನು ನಿಷೇಧಿಸಿತು, 22ಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಡ್ರೀಮ್11ರಂಥ ದೊಡ್ಡ ಆ್ಯಪ್‌ಗಳು ಹಣದ ಸ್ಪರ್ಧೆಗಳನ್ನು ನಿಲ್ಲಿಸಿದವು. ಆಡಿಸುವವರಿಗೆ 3 ವರ್ಷದ ತನಕ ಜೈಲು, 1 ಕೋಟಿ ರೂಪಾಯಿ ತನಕ ದಂಡ. ಆಡುವವರಿಗೆ ಈ ಕಾಯ್ದೆಯಲ್ಲಿ ಶಿಕ್ಷೆ ಇಲ್ಲ. ಸರಿಯಾದ ಕ್ರಮ. ಆದರೆ ಹೊರದೇಶದ ಸೈಟುಗಳು, ಟೆಲಿಗ್ರಾಮ್ ಗುಂಪಿನಲ್ಲಿ ‘ಪಕ್ಕಾ ಟಿಪ್’ ಕೊಡುವವರು ಕಾಯ್ದೆ ಓದಿಕೊಂಡು ಕೂರುವುದಿಲ್ಲ. ಅಲ್ಲಿ ಹೋದ ದುಡ್ಡಿಗೆ ಕೇಳುವವರು ಯಾರೂ ಇಲ್ಲ. ನಾಚಿಕೆಗೆ ಮನೆಯಲ್ಲಿ ಹೇಳುವುದೂ ಇಲ್ಲ, ಆಮೇಲೆ ಸಾಲ, ಸಾಲಕ್ಕೆ ಸುಳ್ಳು.

ಜೂಜು ಹರಾಮ್ ಅಂತ ಮದ್ರಸದಲ್ಲಿ ಕಲಿಯದ ಮಗು ಇಲ್ಲ. ಆದರೆ ಅದು ಈಗ ಇಸ್ಪೀಟಿನ ರೂಪದಲ್ಲಿ ಬರುವುದಿಲ್ಲ, ಜೆರ್ಸಿಯ ಎದೆಯ ಮೇಲೆ ಬರುತ್ತದೆ. ಕಳೆದ ಸೀಸನ್ನಿನಲ್ಲಿ ಆಸ್ಟನ್ ವಿಲ್ಲಾದ ಎದೆಯ ಮೇಲೆ ಇದ್ದದ್ದು ಬೆಟಾನೊ, ಒಂದು ಬೆಟ್ಟಿಂಗ್ ಕಂಪೆನಿ. ಇಂಟರ್ ಮಿಲಾನಿನ ಎದೆಯ ಮೇಲೆ ಬೆಟ್ಸನ್ ಸ್ಪೋರ್ಟ್. ಇಟಲಿಯಲ್ಲಿ 2018ರಿಂದ ಜೂಜಿನ ಜಾಹೀರಾತಿಗೆ ನಿಷೇಧ ಇದೆ, ಹಾಗಾಗಿ ‘ಸ್ಪೋರ್ಟ್’ ಅಂತ ಬಾಲ ಸೇರಿಸಿ ಕ್ರೀಡಾ ಸುದ್ದಿಯ ಹೆಸರಿನಲ್ಲಿ ಹಾಕಿಸಿಕೊಂಡರು. ನಮ್ಮಲ್ಲಿ ಗುಟ್ಕಾ ಕಂಪೆನಿ ಏಲಕ್ಕಿ ಮಾರಿದ ಹಾಗೆ. ಪೆರ್ನಾಲಿಗೆ ಅಂತ ಮಗನಿಗೆ ಮುನ್ನೂರು ರೂಪಾಯಿಯ ಜೆರ್ಸಿ ತರುವ ಬಾಪ ಅದರ ಎದೆಯನ್ನೊಮ್ಮೆ ಓದಲಿ. ಅದನ್ನು ತೊಟ್ಟು ಜುಮಾಕ್ಕೆ ಬರುವ ಹುಡುಗನಿಗೆ ಬೈದು ಪ್ರಯೋಜನ ಇಲ್ಲ, ಅದೇನು ಕಂಪೆನಿ ಅಂತ ಅವನಿಗೆ ಯಾರೂ ಹೇಳಿರುವುದಿಲ್ಲ.

ಇಂಥದ್ದೇ ಜೆರ್ಸಿ ಎದುರಾದಾಗ ಒಬ್ಬ ಆಟಗಾರ ಏನು ಮಾಡಿದ ಅಂತ ಹೇಳಿದರೆ ಅವನು ಕೇಳಬಹುದು. 2006-07ರಲ್ಲಿ ಸ್ಪೇನಿನ ಸೆವಿಲ್ಲಾ ತಂಡದ ಜೆರ್ಸಿಯಲ್ಲಿ ಆನ್‌ಲೈನ್ ಜೂಜಿನ ಕಂಪೆನಿಯ ಹೆಸರಿತ್ತು. ಮಾಲಿ ದೇಶದ ಫ್ರೆಡರಿಕ್ ಕನೂಟೆ ಹಾಕುವುದಿಲ್ಲ ಅಂದ. ಹೆಸರಿಲ್ಲದ ಜೆರ್ಸಿ ಕೊಟ್ಟರು. ಮುಂದೆ ಕಂಪೆನಿಯಿಂದ ಒಂದು ಇಸ್ಲಾಮಿಕ್ ಸೇವಾ ಸಂಸ್ಥೆಗೆ ಹಣ ಕೊಡುವ ಮಾತಾಗಿ ಒಪ್ಪಿಕೊಂಡ ಅನ್ನುವುದೂ ಸತ್ಯ, ಅದನ್ನು ಮುಚ್ಚಿಟ್ಟು ಕತೆ ಹೇಳಬಾರದು. ಅದೇ ಸೀಸನ್ನಿನ ಯುಇಎಫ್‌ಎ ಕಪ್ ಫೈನಲಿನಲ್ಲಿ ಎಸ್ಪಾನ್ಯೋಲ್ ವಿರುದ್ಧ ಹೆಚ್ಚುವರಿ ಸಮಯದಲ್ಲಿ ಗೋಲು ಹೊಡೆದ, ಸೆವಿಲ್ಲಾ ಪೆನಾಲ್ಟಿಯಲ್ಲಿ ಕಪ್ ಗೆದ್ದಿತು. 2007ರಲ್ಲಿ ಸೆವಿಲ್ಲಾ ನಗರದ ಮುಸ್ಲಿಮರು ನಮಾಝ್ ಮಾಡುತ್ತಿದ್ದ ಕಟ್ಟಡ ಕೈತಪ್ಪುವ ಹೊತ್ತಿಗೆ ತನ್ನ ದುಡ್ಡಿನಿಂದ ಅದನ್ನು ಕೊಂಡು ಕೊಟ್ಟ.

ಈಗ ಈ ನಾಕೌಟ್ ತಿಂಗಳಿಗೆ ಬರೋಣ. ಪೂರ್ತಿ ಬಂದ್ ಅಂದರೆ ಹುಡುಗ ಹೊದಿಕೆಯೊಳಗೆ ನೋಡುತ್ತಾನೆ. ಆಯ್ಕೆ ಮಾಡುವುದು ಒಳ್ಳೆಯದು. ನಾಕೌಟಿನಲ್ಲಿ ಪ್ರತಿ ಜೋಡಿಗೆ ಎರಡು ಪಂದ್ಯ, ತೀರ್ಮಾನ ಎರಡನೆಯದರಲ್ಲಿ. ಕಳೆದ ವರ್ಷ ಪಿಎಸ್‌ಜಿ ಮೊದಲನೆಯದರಲ್ಲಿ ಸೋತೂ ಮುಂದೆ ಹೋಯಿತು. ಬಾರ್ಸಿಲೋನಾ ಮತ್ತು ಇಂಟರ್ ಸೆಮಿಫೈನಲಿನ ಮೊದಲ ಪಂದ್ಯ 3-3, ಎರಡನೆಯದರಲ್ಲಿ ಇಂಟರ್ 4-3. ಹಾಗಾಗಿ ಮೊದಲ ಪಂದ್ಯದ ಗೋಲುಗಳನ್ನು ಸಹರಿಯ ನಂತರ ಹತ್ತು ನಿಮಿಷದ ಹೈಲೈಟ್ಸಿನಲ್ಲಿ ನೋಡಿದರೆ ನಷ್ಟ ಇಲ್ಲ. ಪರೀಕ್ಷೆ ಇಲ್ಲದವರು ಬೇಕಾದರೆ ಎರಡನೇ ಪಂದ್ಯದಲ್ಲಿ ಒಂದನ್ನು ಆರಿಸಿಕೊಳ್ಳಲಿ, ತರಾವೀಹ್ ಮುಗಿಸಿ ಮಲಗಿ ಏಳಲಿ. ಫೋನಿನಲ್ಲಿ ಬೇಡ, ಹಾಲಿನ ಟಿವಿಯಲ್ಲಿ ನೋಡಲಿ. ಎಸೆಸೆಲ್ಸಿ, ಪಿಯುಸಿ ಮಕ್ಕಳಿಗೆ ಮಾರ್ಚಿನ ನಾಲ್ಕೂ ರಾತ್ರಿ ಬೇಡ ಅಂತ ಈಗಲೇ ಕೂರಿಸಿ ಮಾತಾಡಬೇಕು, ಅವತ್ತು ರಾತ್ರಿ ಅಲ್ಲ. ಉಮ್ಮಂದಿರಿಗೆ ಒಂದು ಕಿವಿಮಾತು: ಜನವರಿ 28ರ ರಾತ್ರಿ 18 ಪಂದ್ಯಗಳೂ ಒಂದೇ ಹೊತ್ತಿಗೆ ನಡೆದು ಪಟ್ಟಿ ಅಂತಿಮವಾಗುತ್ತದೆ. ಮಗನ ತಂಡ ಮೊದಲ ಎಂಟರೊಳಗೆ ಬರಲಿ ಅಂತ ನೀವೂ ಆಸೆ ಪಡಿ, ಫೆಬ್ರವರಿಯ ರಾತ್ರಿಗಳು ಉಳಿಯುತ್ತವೆ.

ಏಪ್ರಿಲಿನಿಂದ ಯುರೋಪಿನ ಗಡಿಯಾರ ಒಂದು ಗಂಟೆ ಮುಂದೆ ಹೋಗುವುದರಿಂದ ನಮಗೆ ಪಂದ್ಯ 12.30ಕ್ಕೆ. ಆ ಹೊತ್ತಿಗೆ ಎಸೆಸೆಲ್ಸಿಯೂ ಮುಗಿದಿರುತ್ತದೆ. ಫೈನಲ್ ಮೇ 30, ಶನಿವಾರ, ಬುಡಾಪೆಸ್ಟಿನಲ್ಲಿ. ಕುಟುಂಬ, ಮಕ್ಕಳು ಬಂದು ನೋಡಲಿ ಅಂತ ಯುಇಎಫ್‌ಎ ಈ ಸಲ ಫೈನಲನ್ನು ಅಲ್ಲಿನ ಸಂಜೆ 6ಕ್ಕೆ ಇಟ್ಟಿದೆ. ನಮಗೆ ರಾತ್ರಿ 9.30. ಬಕ್ರೀದಿನ ಆಸುಪಾಸಿನ ದಿನಗಳು, ಊರಿನಿಂದ ಬಂದ ನೆಂಟರೂ ಇರುತ್ತಾರೆ. ಇಷಾ ಮುಗಿಸಿ ಬಂದರೆ ಕಿಕ್ಆಫಿಗೆ ಸರಿಯಾಗಿ ಕೂರಬಹುದು.